ಬೋರ್ಡಿಗೆ ಕನ್ನಡ ಬಂತು, ಅಂಗಡಿ ಯಾರದು?



2023ರ ಡಿಸೆಂಬರಿನಲ್ಲಿ ನಾಮಫಲಕಕ್ಕಾಗಿ ಬೆಂಗಳೂರಿನಲ್ಲಿ ನಡೆದ ಹೋರಾಟ ನಿಮಗೆಲ್ಲ ನೆನಪಿದೆ. ನಿಮ್ಮಲ್ಲಿ ಹಲವರು ಬೀದಿಗಿಳಿದವರೇ. ಕೇಸು ಹಾಕಿಸಿಕೊಂಡವರಿದ್ದೀರಿ, ಜೈಲು ನೋಡಿ ಬಂದವರಿದ್ದೀರಿ. ಅದಕ್ಕೆ ಫಲವೂ ಸಿಕ್ಕಿತು. 2024ರಲ್ಲಿ ಸರ್ಕಾರ ಕಾಯ್ದೆ ತಿದ್ದಿ, ಬೋರ್ಡಿನ ಶೇ. 60 ಭಾಗ ಕನ್ನಡದಲ್ಲಿರಬೇಕು ಎಂದಿತು. ಗೆದ್ದೆವು, ಸಂತೋಷ. ಈಗ ಅದೇ ರಸ್ತೆಯಲ್ಲಿ ಇನ್ನೊಂದು ಸಲ ನಡೆದು ಹೋಗಿ. ಬೋರ್ಡು ಓದಿದ್ದು ಸಾಕು, ಒಳಗೆ ಇಣುಕಿ ನೋಡಿ. ಗಲ್ಲಾ ಮುಂದೆ ಕೂತವರು ಯಾರು? ಕಟ್ಟಡ ನಮ್ಮವರದ್ದೇ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ, ಉಂಡು ಮಲಗುತ್ತಾರೆ. ವ್ಯಾಪಾರ ಮಾತ್ರ ಬೇರೆಯವರದ್ದು. ನಮ್ಮ ಹುಡುಗ ಎಲ್ಲಿದ್ದಾನೆ? ಬಯೋಡೇಟಾ ಹಿಡಿದು ಅದೇ ಬಾಗಿಲಲ್ಲಿ ನಿಂತಿದ್ದಾನೆ!

ನಾನು ಮುದ್ರಣಾಲಯ ನಡೆಸುವವನು. ಓದಿದ್ದು ಪಿಯುಸಿ. ಒಂದು ಊರಿನ ವ್ಯಾಪಾರ ಯಾರ ಕೈಯಲ್ಲಿದೆ ಎಂದು ತಿಳಿಯಬೇಕಾದರೆ ಪ್ರೆಸ್ಸಿನ ಆರ್ಡರ್ ಪುಸ್ತಕ ನೋಡಿದರೆ ಸಾಕು. ನವೆಂಬರ್ ಹತ್ತಿರ ಬಂದರೆ ನಮ್ಮ ಹುಡುಗರು ಹಿಂಡು ಹಿಂಡಾಗಿ ಬರುತ್ತಾರೆ. ರಾಜ್ಯೋತ್ಸವದ ಕರಪತ್ರ, ಚಂದಾ ರಸೀದಿ, ಬ್ಯಾನರು. ಆದರೆ ವರ್ಷವಿಡೀ ಬಿಲ್ ಬುಕ್ಕು, ಡೆಲಿವರಿ ಚಲನ್, ಲೆಟರ್‌ಹೆಡ್, ಪ್ಯಾಕಿಂಗ್ ಡಬ್ಬಿ ಅಚ್ಚು ಹಾಕಿಸುವವರ ಸಾಲಿನಲ್ಲಿ ನಮ್ಮ ಹುಡುಗರನ್ನು ಬೆರಳೆಣಿಸಿ ಹೇಳಬಹುದು. ಚಂದಾ ಎತ್ತುವ ರಸೀದಿ ನಮ್ಮದು, ವ್ಯಾಪಾರದ ಬಿಲ್ಲು ಅವರದು! ಇದು ನಾಚಿಕೆಯ ವಿಷಯವಲ್ಲದೆ ಮತ್ತೇನು?

ನನ್ನ ಮಾತು ಇಷ್ಟೇ. ಕೆಲಸ ಕೇಳುವವನ ಭಾಷೆಗೆ ಮರ್ಯಾದೆ ಬರಬೇಕಾದರೆ ಕಾನೂನು ಬೇಕು, ಧರಣಿ ಬೇಕು. ಕೆಲಸ ಕೊಡುವವನ ಭಾಷೆಗೆ ಮರ್ಯಾದೆ ತಾನಾಗಿ ಬರುತ್ತದೆ. ಆದ್ದರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಸ್ವಂತ ಕಂಪನಿ ಕಟ್ಟಲು ಹೊರಡುವ ಕನ್ನಡದ ಹುಡುಗ, ಹುಡುಗಿ ಮನೆಹಾಳು ಕೆಲಸ ಮಾಡುತ್ತಿಲ್ಲ. ಅದು ಕನ್ನಡದ ಕೆಲಸ. ಬಾವುಟ ಹಿಡಿಯುವಷ್ಟೇ ಮುಖ್ಯವಾದ ಕೆಲಸ.

ಎರಡೇ ದಿನ ಬದುಕಿದ ತೀರ್ಮಾನ

ಸರೋಜಿನಿ ಮಹಿಷಿ ಸಮಿತಿ ನೇಮಕವಾದದ್ದು 1983ರಲ್ಲಿ, ವರದಿ ಕೊಟ್ಟದ್ದು 1986ರಲ್ಲಿ. ಆಗ ಹುಟ್ಟಿದ ಮಕ್ಕಳಿಗೆ ಮದುವೆಯಾಗಿ, ಅವರ ಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತಿದ್ದಾರೆ. ನಾವು ಇನ್ನೂ ಅದೇ ವರದಿಯ ಹೆಸರಿನಲ್ಲಿ ಮನವಿ ಪತ್ರ ಕೊಡುತ್ತಿದ್ದೇವೆ. 2024ರ ಜುಲೈ 15ರಂದು ರಾಜ್ಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆ. ಕಂಪನಿಗಳ ಧಣಿಗಳು ಒಮ್ಮೆ ಕೆಮ್ಮಿದರು, ಅಷ್ಟೇ. ಜುಲೈ 17ಕ್ಕೆ ಮಸೂದೆಗೆ ತಡೆ ಬಿತ್ತು. ಎರಡೇ ದಿನ!

ಯಾಕೆ ಹೀಗಾಯಿತು? ನಾವು ಕೋಟಿಗಟ್ಟಲೆ ಇದ್ದೇವೆ, ಅವರು ಕೆಲವೇ ಮಂದಿ. ಆದರೆ ಸಂಬಳಕ್ಕೆ ಸಹಿ ಹಾಕುವ ಪೆನ್ನು ಅವರ ಜೇಬಿನಲ್ಲಿದೆ. ಅಂದು ಕನ್ನಡದ ಇನ್ನೂರು ಮಂದಿ ಕಂಪನಿ ಮಾಲೀಕರು ಎದ್ದು ನಿಂತು, "ಸ್ವಾಮಿ, ನಮ್ಮಲ್ಲಿ ಮುಕ್ಕಾಲು ಪಾಲು ಇಲ್ಲಿಯವರೇ ಇದ್ದಾರೆ, ನಾವು ಲಾಭದಲ್ಲೇ ಇದ್ದೇವೆ" ಎಂದಿದ್ದರೆ ಸರ್ಕಾರಕ್ಕೆ ಬೆನ್ನುಮೂಳೆ ಬರುತ್ತಿತ್ತು. ಆ ಇನ್ನೂರು ಮಂದಿ ನಮ್ಮಲ್ಲಿ ಇರಲಿಲ್ಲ. ಮಹಿಷಿ ವರದಿಯ ಹೋರಾಟ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಹೋರಾಟ ಹೂಡಿ ಎನ್ನುತ್ತಿದ್ದೇನೆ.

ಮುಂಬಯಿಯ ಉಡುಪಿ ಹೋಟೆಲುಗಳ ಕಥೆ ಕೇಳಿಲ್ಲವೇ? ಅಲ್ಲಿ ಕನ್ನಡಕ್ಕೆ ಯಾವ ಮೀಸಲಾತಿ ಇತ್ತು? ಯಾವ ಪ್ರಾಧಿಕಾರ ಇತ್ತು? ಕರಾವಳಿಯಿಂದ ಹೋದವರು ಹೋಟೆಲು ತೆರೆದರು, ಊರಿನ ಹುಡುಗರನ್ನು ಕರೆಸಿಕೊಂಡರು. ಆ ಹುಡುಗರು ಹಗಲು ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋಗಿ ಓದಿದರು. ಮರಾಠಿಯ ನೆಲದಲ್ಲಿ ಕನ್ನಡ ಉಳಿದದ್ದು ಹಾಗೆ. ಮೊದಲು ಕನ್ನಡದ ಗಲ್ಲಾ ಬಂತು, ಅದರ ಹಿಂದೆ ಕನ್ನಡದ ಶಾಲೆ ಬಂತು.

"ಸಂಬಳ ಎಷ್ಟು?"

ನಮ್ಮ ಮನೆಗಳಲ್ಲಿ ಮಗ "ಕೆಲಸ ಬಿಟ್ಟು ಸ್ವಂತದ್ದು ಮಾಡ್ತೀನಿ" ಎಂದರೆ ಸಾವಿನ ಮನೆಯ ಹಾಗೆ ಎಲ್ಲರೂ ಮೌನ. ಅಮ್ಮ, "ಯಾರು ಹೆಣ್ಣು ಕೊಡ್ತಾರೋ ನಿಂಗೆ?" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಸೋದರಮಾವ ಬಂದು, "ವ್ಯಾಪಾರ ಅನ್ನೋದು ನಮ್ಮ ರಕ್ತದಲ್ಲೇ ಇಲ್ಲ ಕಣಯ್ಯ" ಎಂದು ತೀರ್ಪು ಕೊಡುತ್ತಾನೆ. ಮಗಳು ಅಂದರಂತೂ ಮುಗಿಯಿತು. "ಮದುವೆ ಆಗು, ಆಮೇಲೆ ನಿನ್ನ ಗಂಡ ಒಪ್ಪಿದರೆ ಮಾಡ್ಕೋ." ಹೆಣ್ಣು ನೋಡಲು ಹೋದಲ್ಲಿ ಮೊದಲ ಪ್ರಶ್ನೆ, "ಸಂಬಳ ಎಷ್ಟು?" ಹತ್ತು ಜನಕ್ಕೆ ಸಂಬಳ ಕೊಡುವವನಿಗೂ ಅದೇ ಪ್ರಶ್ನೆ!

ತಂದೆ ತಾಯಂದಿರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಒಂದು ತಲೆಮಾರು ಹೊಲ ಬಿಟ್ಟು ಬಂದು, ಖಾಯಂ ಕೆಲಸ ಹಿಡಿದು, ಸೈಟು ಕೊಂಡು, ಮಕ್ಕಳನ್ನು ಓದಿಸಿದೆ. ಆ ನೆಮ್ಮದಿಯ ಬೆಲೆ ಅವರಿಗೆ ಗೊತ್ತು. ಆದರೆ ಆ ಖಾಯಂ ಎಲ್ಲಿದೆ ಈಗ? ಬೆಂಗಳೂರಿನ ಕನ್ನಡಿಗರಿಗೆ ಅನ್ನ ಕೊಟ್ಟ ಎನ್‌ಜಿಇಎಫ್ ಈ ಶತಮಾನದ ಆರಂಭದಲ್ಲೇ ಬಾಗಿಲು ಹಾಕಿತು. ದೇಶಕ್ಕೆಲ್ಲ ಸಮಯ ಹೇಳಿದ ಎಚ್‌ಎಂಟಿಯ ಕೈಗಡಿಯಾರ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಸಹಿ ಹಾಕಿತು. ನಮ್ಮ ಮುದ್ರಣದ ಕಸುಬನ್ನೇ ನೋಡಿ. ಮೊಳೆ ಜೋಡಿಸುವ ಕಂಪೋಸಿಟರಿಗೆ ಒಂದು ಕಾಲದಲ್ಲಿ ಎಂಥ ಬೆಲೆ! ಕಂಪ್ಯೂಟರ್ ಬಂತು, ಆಫ್‌ಸೆಟ್ ಬಂತು, ಮೊಳೆಗಳನ್ನು ತೂಕಕ್ಕೆ ಹಾಕಿದರು. ಬೇರೆಯವರ ಪ್ರೆಸ್ಸಿನಲ್ಲಿ ಕೂಲಿಗಿದ್ದವರು ಬೀದಿಗೆ ಬಿದ್ದರು. ಸಾಲವೋ ಸೋಲವೋ ಮಾಡಿ ಸ್ವಂತ ಡಿಟಿಪಿ ಮೇಜು ಹಾಕಿಕೊಂಡವರು ಉಳಿದರು. ಖಾಯಂ ಎನ್ನುವುದು ಮಾಲೀಕನ ಮರ್ಜಿ. ಕಲಿತ ಕಸುಬು, ಗಳಿಸಿದ ಗಿರಾಕಿ, ಇವೆರಡೇ ಖಾಯಂ.

ಈ ದಾರಿ ನಮಗೆ ಹೊಸದಲ್ಲ

"ಸ್ಟಾರ್ಟಪ್" ಎಂಬ ಮಾತು ಹೊಸದಿರಬಹುದು. ಕೆಲಸ ನಮಗೆ ಹಳೆಯದು. ಗಳಗನಾಥರು ಶಾಲಾ ಮಾಸ್ತರಿಕೆ ಬಿಟ್ಟರು. ತಾವೇ ಕಾದಂಬರಿ ಬರೆದು, ತಾವೇ ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವವರೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಓದುಗರನ್ನು ಮನೆ ಬಾಗಿಲಲ್ಲಿ ಹುಟ್ಟಿಸಿದರು. ಶಿವರಾಮ ಕಾರಂತರು ಕಾಲೇಜು ಅರ್ಧಕ್ಕೆ ಬಿಟ್ಟವರು, ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೂ ನಡೆಸಿದವರು.

ಉಡುಪಿಗೆ ಬನ್ನಿ. 1925ರಲ್ಲಿ ಒಬ್ಬ ವೈದ್ಯರು, ಒಬ್ಬ ಇಂಜಿನಿಯರು, ಒಬ್ಬ ವ್ಯಾಪಾರಿ ಸೇರಿ 8 ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಕೈಮಗ್ಗದ ನೇಕಾರರಿಗೆ ನೆರವಾಗಬೇಕು ಎಂಬುದು ಉದ್ದೇಶ. ಆ ವೈದ್ಯರು ಡಾ. ಟಿ.ಎಂ.ಎ. ಪೈ. ಆಗ ಅವರ ವಯಸ್ಸು 27. ಇಂದು ನಿಮ್ಮ ಮನೆಯಲ್ಲಿ "ಇನ್ನೂ ಚಿಕ್ಕವನು, ಏನು ತಿಳಿಯುತ್ತೆ" ಎನ್ನುವ ವಯಸ್ಸು! 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಹೋಗುವುದು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಜನರ ಬಳಿಗೆ ಬ್ಯಾಂಕೇ ಹೋಯಿತು. ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು.

ಇನ್ನು ಗದಗಿನ ವಿಜಯ ಸಂಕೇಶ್ವರರು. ಮನೆತನದ ಕಸುಬು ಮುದ್ರಣ, ಪುಸ್ತಕ ವ್ಯಾಪಾರ. ನಡೆಯುತ್ತಿದ್ದ ಕಸುಬು ಬಿಟ್ಟು 1976ರಲ್ಲಿ ಒಂದೇ ಒಂದು ಲಾರಿ ಹಾಕಿಕೊಂಡು ಹೊರಟರು. ನಮ್ಮ ಕಸುಬಿನ ಮನೆಯವರೊಬ್ಬರು ಮಾಡಿದ್ದನ್ನು ನೆನೆದರೆ ನನಗೆ ಹೆಮ್ಮೆ. ಆ ಒಂದು ಲಾರಿ ಮುಂದೆ ಸಾವಿರಾರು ವಾಹನಗಳ ವಿಆರ್‌ಎಲ್ ಆಗಿ, 2015ರಲ್ಲಿ ಷೇರು ಪೇಟೆಗೂ ಹೋಯಿತು. ಅವರು ಕಟ್ಟಿದ 'ವಿಜಯ ಕರ್ನಾಟಕ' 2006ರಲ್ಲಿ ಬೇರೆ ಸಂಸ್ಥೆಯ ಪಾಲಾಯಿತು. ಸುಮ್ಮನೆ ಕೂತರೇ? 2012ರಲ್ಲಿ 'ವಿಜಯವಾಣಿ' ತೆಗೆದರು. ಕಟ್ಟಿದ್ದು ಕೈಬಿಡಬಹುದು, ಕಟ್ಟುವ ವಿದ್ಯೆ ಕೈಬಿಡುವುದಿಲ್ಲ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆಯ ಕೆಲಸ ಬಿಟ್ಟು ಬಂದು ರೇಷ್ಮೆ ಬೆಳೆದರು, ಹಾಸನದಲ್ಲಿ ಹೋಟೆಲು ನಡೆಸಿದರು, ಮೋಟಾರ್ ಸೈಕಲ್ ಮಾರಿದರು. ಆಮೇಲೆ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಸಣ್ಣ ಸಂಬಳದವರನ್ನೂ ವಿಮಾನ ಹತ್ತಿಸಿದರು. ಆ ಕಂಪನಿ ಕೊನೆಗೆ ಕಿಂಗ್‌ಫಿಷರ್ ಪಾಲಾಯಿತು, ನಿಜ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಹಳ್ಳಿ ಹುಡುಗ ಆಕಾಶಕ್ಕೆ ಕೈ ಹಾಕಬಹುದು ಎಂಬುದನ್ನು ಯಾರೂ ಅಳಿಸಲಾರರು.

ಹಿಟ್ಟು ನಮ್ಮದು, ಪ್ಯಾಕೆಟ್ಟು?

ಈಗ ಕಹಿ ಮಾತು. ದೋಸೆ ಹಿಟ್ಟು ನಮ್ಮ ಅಜ್ಜಿ ರುಬ್ಬಿದ್ದು. ಪ್ರತಿ ಬಡಾವಣೆಯಲ್ಲೂ ರುಬ್ಬುತ್ತಿದ್ದೆವು. ಅದನ್ನು ಶುಚಿಯಾಗಿ ಪ್ಯಾಕೆಟ್ಟಿಗೆ ತುಂಬಿ ದೇಶಕ್ಕೆಲ್ಲ ಮಾರಬಹುದು ಎಂದು ಹೊಳೆದದ್ದು ಯಾರಿಗೆ? ವಯನಾಡಿನ ಕೂಲಿ ಕಾರ್ಮಿಕನ ಮಗನಿಗೆ. ಪಿ.ಸಿ. ಮುಸ್ತಫಾ 2005ರಲ್ಲಿ ತಮ್ಮ ಸೋದರ ಸಂಬಂಧಿಗಳ ಜೊತೆ ಸೇರಿ ಬೆಂಗಳೂರಿನ ಒಂದು ಪುಟ್ಟ ಕೋಣೆಯಲ್ಲಿ 'ಐಡಿ' ಶುರು ಮಾಡಿದರು. 2007ರಲ್ಲಿ ಕೋರಮಂಗಲದಲ್ಲಿ ಪುಸ್ತಕ ಮಾರುತ್ತಾ ಫ್ಲಿಪ್‌ಕಾರ್ಟ್ ಆರಂಭಿಸಿದ ಇಬ್ಬರು ಹುಡುಗರು ಚಂಡೀಗಢದವರು. 2018ರಲ್ಲಿ ಅದರ ಶೇ. 77 ಪಾಲನ್ನು ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಕೊಂಡಿತು. ಪುಸ್ತಕದ ಅಂಗಡಿ ನಮ್ಮ ಊರಿನಲ್ಲಿ ಇರಲಿಲ್ಲವೇ?

ಇವರ ಮೇಲೆ ಹೊಟ್ಟೆಕಿಚ್ಚು ಬೇಡ. ದುಡಿದರು, ಪಡೆದರು. ನಮ್ಮ ಬಾಗಿಲಿಗೆ ಅವರೇನೂ ಬೀಗ ಹಾಕಲಿಲ್ಲ. ಇಲ್ಲಿ ಗಳಿಸುವವರು ಕನ್ನಡ ಕಲಿಯಲಿ, ಕನ್ನಡಿಗರಿಗೆ ಕೆಲಸ ಕೊಡಲಿ ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೇ ಇರುತ್ತೇವೆ. ಆದರೆ "ಅವರು ಯಾಕೆ ಬಂದರು" ಎನ್ನುವುದರ ಜೊತೆಗೆ "ನಾವು ಯಾಕೆ ಹೊರಡಲಿಲ್ಲ" ಎಂದೂ ಕೇಳಿಕೊಳ್ಳೋಣ.

ಹೊರಡಲು ನಮ್ಮಲ್ಲಿ ಒಂದು ಬಂಡವಾಳ ಇದೆ. ಅದು ಕನ್ನಡ. ಹಿರಿಯೂರಿನ ಕಿರಾಣಿ ಅಂಗಡಿಯವರು ಲೆಕ್ಕ ಹೇಗೆ ಬರೆದುಕೊಳ್ಳುತ್ತಾರೆ, ಸಿಂಧನೂರಿನ ಭತ್ತದ ರೈತ ಯಂತ್ರ ಕೆಟ್ಟರೆ ಯಾರಿಗೆ ಫೋನು ಮಾಡುತ್ತಾನೆ, ಸೀಮಂತಕ್ಕೆ ಏನೇನು ಬೇಕು, ಇದೆಲ್ಲ ನಿಮಗೆ ಗೊತ್ತು. ಕೋರಮಂಗಲದ ಗಾಜಿನ ಕೋಣೆಯಲ್ಲಿ ಕೂತವರಿಗೆ ಗೊತ್ತಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶ ಹೊರತಂದಾಗ ನಮ್ಮಂಥ ಸಣ್ಣ ಪ್ರೆಸ್ಸುಗಳಿಗೆ ಉಸಿರು ಬಂದ ಹಾಗಾಯಿತು. ಒಬ್ಬ ಮನುಷ್ಯ ಕನ್ನಡದ ಒಂದು ಕೊರತೆಯನ್ನು ಕಂಡು ತುಂಬಿದ್ದರ ಫಲ ಅದು. ಅಂಥ ಕೊರತೆಗಳು ಇನ್ನೂ ನೂರಿವೆ. ಒಂದೊಂದು ಕೊರತೆಯೂ ಒಂದೊಂದು ಕಂಪನಿ.

ಧುಮುಕುವ ಮುಂಚೆ

ಹಾಗೆಂದು ನಾಳೆಯೇ ಕಾಲೇಜು ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಕಾಲೇಜು ಬಿಟ್ಟು ಕೋಟ್ಯಧಿಪತಿಯಾದವರ ಕಥೆ ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ಬಿಟ್ಟು ಬೀದಿಗೆ ಬಿದ್ದವರ ಕಥೆ ಯಾರೂ ಕಳಿಸುವುದಿಲ್ಲ. ಸ್ಟಾರ್ಟಪ್ ಎಂದರೆ ಟೀ ಶರ್ಟು, ಕಾಫಿ ಹೋಟೆಲು, ಇಂಗ್ಲಿಷ್ ಮಾತು ಎಂದುಕೊಂಡವರು ದಯವಿಟ್ಟು ಈ ಕಡೆ ಬರಬೇಡಿ. ಜೆರೋಧಾ ಕಟ್ಟಿದ ನಿತಿನ್ ಕಾಮತ್ ವರ್ಷಗಟ್ಟಲೆ ರಾತ್ರಿ ಕಾಲ್ ಸೆಂಟರಿನಲ್ಲಿ ದುಡಿದು, ಹಗಲು ಷೇರು ವ್ಯವಹಾರ ಕಲಿತವರು. 2010ರಲ್ಲಿ ಕಂಪನಿ ತೆರೆದ ಮೇಲೂ ಹೊರಗಿನ ಹೂಡಿಕೆದಾರರ ದುಡ್ಡಿಗೆ ಕೈ ಒಡ್ಡಲಿಲ್ಲ.

ಒಂದು ಸಣ್ಣ ಕಸುಬು ನಡೆಸುತ್ತಾ ಕಂಡುಕೊಂಡ ಕೆಲವು ಮಾತು ಹೇಳುತ್ತೇನೆ. ಮೊದಲು ಗಿರಾಕಿ, ಆಮೇಲೆ ವಿಸಿಟಿಂಗ್ ಕಾರ್ಡು. ಪ್ರೆಸ್ಸಿನವನಾಗಿ ಇದನ್ನು ಹೇಳಿದರೆ ನನಗೇ ನಷ್ಟ, ಆದರೂ ಹೇಳುತ್ತೇನೆ. ಕೆಲಸದಲ್ಲಿ ಇದ್ದುಕೊಂಡೇ ಹತ್ತು ಜನಕ್ಕೆ ಮಾರಿ ನೋಡಿ. ಹತ್ತರಲ್ಲಿ ಮೂರು ಜನ ಎರಡನೇ ಸಲ ಬಂದರೆ ಆಗ ರಾಜೀನಾಮೆ ಬರೆಯಿರಿ.

ಗೆಳೆತನ ಬೇರೆ, ಪಾಲುದಾರಿಕೆ ಬೇರೆ. ಯಾರ ದುಡ್ಡೆಷ್ಟು, ಯಾರ ಪಾಲೆಷ್ಟು, ಬಿಟ್ಟು ಹೋದರೆ ಏನು ಎಂದು ಮೊದಲ ದಿನವೇ ಛಾಪಾ ಕಾಗದದಲ್ಲಿ ಬರೆದುಕೊಳ್ಳಿ. ನಾಚಿಕೆ ಬೇಡ.

ಸಣ್ಣ ಉದ್ಯಮವನ್ನು ಕೊಲ್ಲುವುದು ನಷ್ಟಕ್ಕಿಂತ ಹೆಚ್ಚಾಗಿ ಉದ್ರಿ. ದೊಡ್ಡವರು ಮಾಲು ತೆಗೆದುಕೊಂಡು ಆರು ತಿಂಗಳು ಅಲೆಸುತ್ತಾರೆ. ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ನಿಮ್ಮ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ತೀರಿಸಬೇಕು, ತಪ್ಪಿದರೆ ಬಡ್ಡಿ ಸಮೇತ ಕೊಡಬೇಕು. ಈ ಹಕ್ಕು ಗೊತ್ತಿಲ್ಲದೆ ನಮ್ಮವರು ಕೈ ಮುಗಿದು ನಿಲ್ಲುತ್ತಾರೆ.

ಲೆಕ್ಕ ಬರೆಯಿರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ತೆರಿಗೆ ಇಲಾಖೆ ನೋಟಿಸು ಕಳಿಸಿದಾಗ, ಬೇಕರಿಯವರು, ಕಾಂಡಿಮೆಂಟ್ಸಿನವರು ಹೌಹಾರಿ ಕ್ಯೂಆರ್ ಚೀಟಿ ಕಿತ್ತು ಹಾಕಿದ್ದನ್ನು ಕಂಡಿದ್ದೇವೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಮೊದಲೇ ತಿಳಿದಿದ್ದರೆ ಆ ಪರದಾಟ ಅರ್ಧ ಕಡಿಮೆಯಾಗುತ್ತಿತ್ತು.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಅಪ್ಪನ ಹೊಲ, ಅಮ್ಮನ ಒಡವೆ ಅಡ ಇಡಬೇಡಿ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಕೊಡಬೇಕೆಂದಿದೆ. ಎಷ್ಟು ತಿಂಗಳು, ಎಷ್ಟು ದುಡ್ಡು ಎಂದು ಗೆರೆ ಎಳೆದುಕೊಳ್ಳಿ. ಆ ಗೆರೆ ಮುಟ್ಟಿದಾಗ ನಿಲ್ಲಿಸಿ, ಮತ್ತೆ ಕೆಲಸಕ್ಕೆ ಹೋಗಿ, ಮತ್ತೆ ಬನ್ನಿ. ಸೋತು ಬಂದವನನ್ನು ಮನೆಯವರು ಚುಚ್ಚಬೇಡಿ. ಪರೀಕ್ಷೆಯಲ್ಲಿ ಫೇಲಾದ ಮಗನಿಗೆ ಸಪ್ಲಿಮೆಂಟರಿ ಕಟ್ಟಿಸುವ ನೀವು, ವ್ಯಾಪಾರದಲ್ಲಿ ಫೇಲಾದ ಮಗನಿಗೆ ಯಾಕೆ ಬಾಗಿಲು ಹಾಕುತ್ತೀರಿ?

ಸರ್ಕಾರಕ್ಕೆ, ಸಂಘಗಳಿಗೆ

ಸಾಲ ಕೇಳಲು ಬ್ಯಾಂಕಿಗೆ ಹೋದರೆ ಏನಾಗುತ್ತದೆ? 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯೊಬ್ಬರು ಕನ್ನಡ ಮಾತಾಡುವುದೇ ಇಲ್ಲ ಎಂದು ಹಟ ಹಿಡಿದದ್ದನ್ನು ರಾಜ್ಯವೇ ನೋಡಿತು. ವರ್ಗಾವಣೆಯಾಯಿತು. ಆದರೆ ನೆನಪಿಡಿ, 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್. ನಮ್ಮ ಮಣ್ಣಿನಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಮೂರೇ ವರ್ಷದಲ್ಲಿ ಅಳಿಸಿಹೋಯಿತು. ಎರಡಾಣೆಯ ಪಿಗ್ಮಿ ಕಟ್ಟಿದವರ ಮೊಮ್ಮಗ ಇಂದು ತನ್ನ ಊರಿನ ಬ್ಯಾಂಕಿನಲ್ಲೇ ಹಿಂದಿಯಲ್ಲಿ ಸಾಲ ಕೇಳಬೇಕೇ? ಸಾಲದ ಅರ್ಜಿ, ಸಾಲದ ಮಾತುಕತೆ ಕನ್ನಡದಲ್ಲಿ ಆಗಲೇಬೇಕು. ಇದು ಬರೀ ಭಾಷಾಭಿಮಾನದ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ.

ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ 'ಎಲಿವೇಟ್' ಯೋಜನೆಯಲ್ಲಿ ಹೊಸ ಉದ್ಯಮಕ್ಕೆ 50 ಲಕ್ಷದವರೆಗೆ ಅನುದಾನ ಉಂಟು. ಒಳ್ಳೆಯದು. ಅಲ್ಲಿ ಹುಡುಗರು ತಮ್ಮ ಯೋಜನೆಯನ್ನು ಕನ್ನಡದಲ್ಲಿ ಬರೆದು, ಕನ್ನಡದಲ್ಲಿ ನಿಂತು ವಾದಿಸುವಂತಿರಬೇಕು. ಅದನ್ನು ಜಾಹೀರಾತಿನಲ್ಲೇ ದಪ್ಪಕ್ಷರದಲ್ಲಿ ಹೇಳಬೇಕು. ಕನ್ನಡ ಸರ್ಕಾರದ ದುಡ್ಡು ಪಡೆಯಲು ಇಂಗ್ಲಿಷಿನ ಥಳುಕು ಯಾಕೆ?

ಇನ್ನು ನಮ್ಮ ಸಂಘಟನೆಗಳಿಗೆ ಒಂದು ಮನವಿ. ಪ್ರತಿ ಸಂಘವೂ ತನ್ನ ಬಡಾವಣೆಯ ಕನ್ನಡದ ಹೊಸ ಉದ್ಯಮಿಗಳ ಪಟ್ಟಿ ಮಾಡಲಿ. ಶಾಮಿಯಾನ, ಊಟ, ಸೌಂಡು, ಟೀ ಶರ್ಟು, ಏನೇ ಬೇಕಾದರೂ ಮೊದಲ ಆರ್ಡರು ಅವರಿಗೆ. ಒಂದು ಷರತ್ತು, ರಿಯಾಯಿತಿ ಕೇಳಬೇಡಿ. "ನಮ್ಮವನಲ್ಲವಾ, ಬಿಟ್ಟಿ ಮಾಡಿಕೊಡು" ಎಂಬ ಪ್ರೀತಿ ಬಹಳ ಜನರ ಕುತ್ತಿಗೆ ಹಿಸುಕಿದೆ. ದುಡ್ಡು ಕೊಟ್ಟು ಕೊಳ್ಳುವುದೇ ಅಭಿಮಾನ. ಸರಕು ಕೆಟ್ಟದಿದ್ದರೆ ಮುಖಕ್ಕೆ ಹೇಳಿ, ತಿದ್ದಿಕೊಳ್ಳಲಿ.

ಉದ್ಯಮಿಯಾದ ತರುಣರೇ, ನಿಮ್ಮ ಮೇಲೂ ಋಣವಿದೆ. ಕೆಲಸಕ್ಕೆ ಸಂದರ್ಶನ ಕನ್ನಡದಲ್ಲಿ ಮಾಡಿ. ಬಿಲ್ಲು ಕನ್ನಡದಲ್ಲಿ ಕೊಡಿ. ರಾಯಚೂರಿನಿಂದ ಬಂದ ಹುಡುಗಿ ಇಂಗ್ಲಿಷಿನಲ್ಲಿ ತೊದಲಿದಳೆಂದು ವಾಪಸು ಕಳಿಸಬೇಡಿ. ಮಾಲೀಕನಾದ ಮೇಲೆ ನೀವೂ ಹಾಗೆ ಮಾಡಿದರೆ ಆ ಕುರ್ಚಿಯಲ್ಲಿ ಕನ್ನಡಿಗ ಕೂತೂ ಪ್ರಯೋಜನವಿಲ್ಲ.

ಬೇರೆಯವರ ಅಂಗಡಿಯ ಬೋರ್ಡಿನಲ್ಲಿ ಶೇ. 60 ಕನ್ನಡ ಬರೆಸಲು ನಾವು ಜೈಲಿಗೆ ಹೋಗಬೇಕಾಯಿತು. ಅಂಗಡಿಯೇ ನಮ್ಮದಾದರೆ ನೂರಕ್ಕೆ ನೂರು ಬರೆಸಲು ಯಾರ ಅಪ್ಪಣೆ ಬೇಕು?